ಮೂರು ಡಿಶ್, ಒಂದೇ ರಿಸೀವರ್: ಸ್ಪ್ಲಿಟರ್ ಯಾಕೆ ಕೈಕೊಟ್ಟಿತು?

ಪ್ರಶ್ನೆ: ಸಾರ್, ನಮ್ಮದು ಶ್ರೀನಿವಾಸಪುರದ ಹತ್ತಿರದ ಹಳ್ಳಿ. ಮಿದ್ದೆ ಮೇಲೆ ಮೂರು ಡಿಶ್ ಇವೆ. ಒಂದು ನಮ್ಮ ತಂದೆ ಕಾಲದ ಎಂಟು ಅಡಿ ಜಾಲರಿ ಡಿಶ್, 66 ಡಿಗ್ರಿ ಪೂರ್ವದ ಉಪಗ್ರಹದ ಕಡೆ ತಿರುಗಿಸಿದ್ದು. ಅದರಲ್ಲಿ ಬರುವ ತೆಲುಗು ಚಾನಲ್‌ಗಳು ಅಮ್ಮನಿಗೆ ಬೇಕೇ ಬೇಕು. ಎರಡನೆಯದು ಫ್ರೀ ಡಿಶ್. ಮೂರನೆಯದು ತಿಂಗಳ ದುಡ್ಡು ಕಟ್ಟುವ ಕಂಪನಿಯದು, ಕಟ್ಟುವುದನ್ನು ನಿಲ್ಲಿಸಿ ಎರಡು ವರ್ಷ ಆಯಿತು. ರಿಸೀವರ್ ಮಾತ್ರ ಒಂದೇ. ಪ್ರತಿ ಸಲ ಟಿವಿ ಹಿಂದೆ ಕೈ ಹಾಕಿ ವೈರ್ ಬದಲಾಯಿಸಬೇಕು. ಪಕ್ಕದ ಮನೆ ಹುಡುಗ ಕೇಬಲ್ ಟಿವಿ ಸ್ಪ್ಲಿಟರ್ ತಂದು ಮೂರೂ ವೈರ್ ಸೇರಿಸಿ ಕೊಟ್ಟ. ಟಿವಿಯಲ್ಲಿ ‘ಆಂಟೆನಾ ಶಾರ್ಟ್’ ಅಂತ ಬಂತು, ಒಂದು ಚಾನಲ್ಲೂ ಬರಲಿಲ್ಲ. ರಿಸೀವರ್ ಸುಟ್ಟುಹೋಯಿತಾ? ಮೂರನ್ನೂ ಒಂದೇ ರಿಸೀವರ್‌ಗೆ ಕೊಡುವುದು ಹೇಗೆ?

ಉತ್ತರ: ರಿಸೀವರ್ ಸುಟ್ಟಿರುವುದು ಅನುಮಾನ. ಈಗಿನ ಬಾಕ್ಸ್‌ಗಳಲ್ಲಿ ಬಹುಪಾಲು ಶಾರ್ಟ್ ಕಂಡ ತಕ್ಷಣ ಡಿಶ್ ಕಡೆಗೆ ಹೋಗುವ ಕರೆಂಟನ್ನು ತಾವೇ ನಿಲ್ಲಿಸುತ್ತವೆ. ‘ಶಾರ್ಟ್’ ಅಂತ ಬರೆದು ತೋರಿಸಿತಲ್ಲ, ಅದೇ ಒಳ್ಳೆಯ ಲಕ್ಷಣ. ಗೋಡೆಯ ಸ್ವಿಚ್ ಆಫ್ ಮಾಡಿ, ಸ್ಪ್ಲಿಟರ್ ಬಿಚ್ಚಿ, ಫ್ರೀ ಡಿಶ್ ವೈರ್ ಒಂದನ್ನೇ ನೇರವಾಗಿ ಹಾಕಿ, ಆಮೇಲೆ ಆನ್ ಮಾಡಿ. ಚಿತ್ರ ಬಂದರೆ ಏನೂ ಆಗಿಲ್ಲ.

ಆ ಹುಡುಗನನ್ನು ಬೈಯಬೇಡಿ. ನೋಡೋಕೆ ಎಲ್ಲಾ ಒಂದೇ ಥರ ವೈರ್, ಒಂದೇ ಥರ ಪಿನ್. ಸೇರಿಸಿದರೆ ಸೇರುತ್ತದೆ ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಆ ಸ್ಪ್ಲಿಟರ್ ಮೇಲೆ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ನೋಡಿ. 5-1000 ಅಂತ ಇರುತ್ತದೆ. ಅದು ಕೆಲಸ ಮಾಡುವುದು 1000 ಮೆಗಾಹರ್ಟ್ಸ್‌ವರೆಗೆ ಅಂತ ಅರ್ಥ. ನಿಮ್ಮ ಡಿಶ್‌ನಿಂದ ವೈರ್‌ನಲ್ಲಿ ಇಳಿದು ಬರುವ ಸಿಗ್ನಲ್ಲು 950ರಿಂದ 2150 ಮೆಗಾಹರ್ಟ್ಸ್‌ನದು. ಸ್ಪ್ಲಿಟರ್‌ನ ಬಾಗಿಲು ಮುಚ್ಚುವ ಜಾಗದಲ್ಲಿ ಡಿಶ್‌ನ ಸಿಗ್ನಲ್ ಶುರುವಾಗುತ್ತದೆ.

ಇನ್ನು ಶಾರ್ಟ್ ಯಾಕೆ? ಹಳೇ ಸ್ಪ್ಲಿಟರ್ ಒಂದಿದ್ದರೆ ಹಿಂದಿನ ತಗಡು ಎಬ್ಬಿಸಿ ನೋಡಿ. ಒಳಗೆ ಮೆಣಸಿನ ಕಾಳಿನಷ್ಟು ಕಪ್ಪು ಮಣಿ ಇರುತ್ತದೆ. ಅದಕ್ಕೆ ಕೂದಲಿನಂಥ ತಾಮ್ರದ ತಂತಿ ಕೆಲವು ಸುತ್ತು ಸುತ್ತಿರುತ್ತಾರೆ. ಎಷ್ಟೋ ಸ್ಪ್ಲಿಟರ್‌ಗಳಲ್ಲಿ ಆ ತಂತಿಯ ಒಂದು ತುದಿ ಡಬ್ಬಿಯ ಮೈಗೇ ಬೆಸುಗೆ ಆಗಿರುತ್ತದೆ. ಕೇಬಲ್ ಟಿವಿಗೆ ಇದರಿಂದ ತೊಂದರೆ ಇಲ್ಲ, ಆ ವೈರ್‌ನಲ್ಲಿ ಬರೀ ಸಿಗ್ನಲ್ ಓಡುತ್ತದೆ. ಡಿಶ್ ವೈರ್‌ನಲ್ಲಿ ಹಾಗಲ್ಲ. ಸಿಗ್ನಲ್ ಕೆಳಗೆ ಬರುತ್ತದೆ, ಕರೆಂಟು ಮೇಲಕ್ಕೆ ಹೋಗುತ್ತದೆ. ಆ ಕರೆಂಟು ಮಣಿಯ ತಂತಿ ಹಿಡಿದು ನೇರ ಡಬ್ಬಿಯ ಮೈಗೆ ಇಳಿಯಿತು. ಬಾಕ್ಸ್ ಹೆದರಿ ನಿಂತುಹೋಯಿತು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಇದು ಅರ್ಥವಾದರೆ ಮಿಕ್ಕಿದ್ದು ಸುಲಭ.

ಡಿಶ್ ಮುಂದೆ ಕೋಲಿನ ತುದಿಯಲ್ಲಿ ಕೂತು, ಸಿಗ್ನಲ್ ಹಿಡಿದು ವೈರ್‌ಗೆ ಇಳಿಸುವ ಎಲ್‌ಎನ್‌ಬಿಗೆ ಪ್ರತ್ಯೇಕ ಪ್ಲಗ್ ಇಲ್ಲ. ಅದು ಬದುಕುವುದು ನಿಮ್ಮ ರಿಸೀವರ್ ಕಳಿಸುವ ಕರೆಂಟಿನಿಂದ. ಅದೇ ಕರೆಂಟಿನ ಮೂಲಕ ರಿಸೀವರ್ ಅಪ್ಪಣೆಯನ್ನೂ ಕಳಿಸುತ್ತದೆ. 13 ವೋಲ್ಟ್ ಕಳಿಸಿದರೆ ‘ವರ್ಟಿಕಲ್ ಕೊಡು’ ಅಂತ. 18 ವೋಲ್ಟ್ ಕಳಿಸಿದರೆ ‘ಹಾರಿಜಾಂಟಲ್ ಕೊಡು’ ಅಂತ. ಸಿಗ್ನಲ್ ಅಲೆ ನೆಟ್ಟಗೆ ಅಲ್ಲಾಡಿದರೆ ವರ್ಟಿಕಲ್, ಅಡ್ಡಕ್ಕೆ ಅಲ್ಲಾಡಿದರೆ ಹಾರಿಜಾಂಟಲ್. ಜೊತೆಗೆ 22 ಕಿಲೋಹರ್ಟ್ಸ್‌ನ ಒಂದು ಸಣ್ಣ ಗುಂಯ್ ಶಬ್ದ ಸೇರಿಸಿದರೆ ‘ಮೇಲಿನ ಬ್ಯಾಂಡ್ ಕೊಡು’ ಅಂತ. ನಮ್ಮ ಕಿವಿಗೆ ಅದು ಕೇಳಿಸುವುದಿಲ್ಲ, ಎಲ್‌ಎನ್‌ಬಿಗೆ ಕೇಳಿಸುತ್ತದೆ. ನೀವು ರಿಮೋಟ್‌ನಲ್ಲಿ ಒಂದು ಚಾನಲ್ ಒತ್ತಿದಾಗೆಲ್ಲ ಇಷ್ಟು ಮಾತುಕತೆ ನಡೆದಿರುತ್ತದೆ.

ಈಗ ಮೂರು ಎಲ್‌ಎನ್‌ಬಿಗಳನ್ನು ಒಂದೇ ವೈರ್‌ಗೆ ಸುಮ್ನೆ ಕಟ್ಟಿದಿರಿ ಅನ್ನಿ. ಶಾರ್ಟ್ ಆಗಲಿಲ್ಲ ಅಂತಲೇ ಇಟ್ಟುಕೊಳ್ಳಿ. ಅಪ್ಪಣೆ ಮೂವರಿಗೂ ಕೇಳಿಸುತ್ತದೆ, ಮೂವರೂ ಒಟ್ಟಿಗೆ ಬಾಯಿ ಬಿಡುತ್ತಾರೆ. ಮೂರು ಉಪಗ್ರಹಗಳ ಚಾನಲ್‌ಗಳು ಅದೇ 950-2150ರ ಜಾಗದಲ್ಲಿ ಒಂದರ ಮೇಲೊಂದು ಬೀಳುತ್ತವೆ. ಸಂತೆಯಲ್ಲಿ ಫೋನ್ ಮಾಡಿದ ಹಾಗೆ. ಇದರ ಜೊತೆಗೆ ಮೂರು ಎಲ್‌ಎನ್‌ಬಿಗೂ ಕರೆಂಟ್ ಕೊಡುವ ಹೊರೆ ಆ ಪುಟ್ಟ ಬಾಕ್ಸ್ ಮೇಲೆ.

ಬಂಗಾರಪೇಟೆ ಜಂಕ್ಷನ್ ನೋಡಿದ್ದೀರಲ್ಲ. ಕೋಲಾರದ ಕಡೆ ಒಂದು ಹಳಿ, ಮಾರಿಕುಪ್ಪಂ ಕಡೆ ಒಂದು, ಮದ್ರಾಸ್ ಕಡೆ ಒಂದು. ಹಳಿಗಳನ್ನು ಒಂದಕ್ಕೊಂದು ಬೆಸೆದು ಬಿಟ್ಟಿಲ್ಲ. ಪಾಯಿಂಟ್ ಹಾಕುತ್ತಾರೆ. ಯಾವ ಗಾಡಿ ಬರಬೇಕೋ ಆ ಹಳಿ ಮಾತ್ರ ಪ್ಲಾಟ್‌ಫಾರ್ಮಿಗೆ ಕೂಡುತ್ತದೆ. ನಿಮಗೂ ಬೇಕಾಗಿರುವುದು ಅಂಥ ಪಾಯಿಂಟು. ಅದರ ಹೆಸರು ಡೈಸೆಕ್ ಸ್ವಿಚ್.

ಡೈಸೆಕ್ ಅನ್ನುವುದು ಯೂರೋಪಿನ ಯೂಟೆಲ್‌ಸ್ಯಾಟ್ ಎಂಬ ಉಪಗ್ರಹ ಸಂಸ್ಥೆ 1990ರ ದಶಕದಲ್ಲಿ ಮಾಡಿದ ಪದ್ಧತಿ. ಮೇಲೆ ಹೇಳಿದ ಅದೇ 22 ಕಿಲೋಹರ್ಟ್ಸ್ ಶಬ್ದವನ್ನು ತುಂಡು ತುಂಡಾಗಿ, ತಂತಿ ಟಪಾಲಿನ ಕಟ್-ಕಡ ಥರ ಕಳಿಸುತ್ತಾರೆ. ‘ಎರಡನೇ ಬಾಗಿಲು ತೆಗಿ’ ಅಂತ ಸಂದೇಶ ಬಂದರೆ ಸ್ವಿಚ್ ಎರಡನೇ ಡಿಶ್‌ನ ವೈರನ್ನು ಮಾತ್ರ ಕೂಡಿಸಿ ಮಿಕ್ಕಿದ್ದನ್ನು ಕತ್ತರಿಸುತ್ತದೆ. ಕರೆಂಟೂ ಆ ಒಂದಕ್ಕೇ ಹೋಗುತ್ತದೆ. ನಾಲ್ಕು ಒಳದಾರಿ, ಒಂದು ಹೊರದಾರಿ ಇರುವುದು ಸಾಮಾನ್ಯವಾಗಿ ಸಿಗುವ ಮಾದರಿ, ಡೈಸೆಕ್ 1.0. ಅಂಗಡಿಯಲ್ಲಿ ‘ನಾಲ್ಕಕ್ಕೆ ಒಂದು ಡೈಸೆಕ್’ ಅಂದರೆ ಕೊಡುತ್ತಾರೆ. 1.1 ಅಂದರೆ ಇನ್ನೂ ಜಾಸ್ತಿ ಡಿಶ್‌ಗಳಿಗೆ. 1.2 ಅಂದರೆ ಮೋಟರ್ ತಿರುಗಿಸುವುದಕ್ಕೆ. ನಿಮಗೆ ಅವೆರಡೂ ಬೇಡ. ‘ಟೋನ್ ಸ್ವಿಚ್’ ಅಂತ ಇನ್ನೊಂದು ಅಗ್ಗದ್ದು ಸಿಗುತ್ತದೆ, ಬರೀ ಎರಡು ಡಿಶ್‌ಗೆ. ಅದು ಆ 22 ಕಿಲೋಹರ್ಟ್ಸ್ ಶಬ್ದವನ್ನು ದಾರಿ ಬದಲಿಸುವುದಕ್ಕೇ ಬಳಸಿಬಿಡುತ್ತದೆ. ಕೆಳಗಿನ, ಮೇಲಿನ ಎರಡೂ ಬ್ಯಾಂಡ್ ಹಿಡಿಯುವ ಯೂನಿವರ್ಸಲ್ ಎಲ್‌ಎನ್‌ಬಿಗೂ ಅದೇ ಶಬ್ದ ಬೇಕು, ಹಾಗಾಗಿ ಮುಂದೊಂದು ದಿನ ಜಗಳ ಗ್ಯಾರಂಟಿ. ಡೈಸೆಕ್ಕೇ ತಗೊಳ್ಳಿ.

ಇನ್ನು ನಿಮ್ಮ ಮೂರು ಡಿಶ್‌ಗಳ ವಿಚಾರ. ನೇರವಾಗಿ ಹೇಳುತ್ತೇನೆ, ಮೂರನೆಯದನ್ನು ಸೇರಿಸಬೇಡಿ. ಸೇರಿಸಿದರೆ ಸಿಗ್ನಲ್ ಬರುತ್ತದೆ, ಮೀಟರ್ ಕಡ್ಡಿ ಮೇಲೇರುತ್ತದೆ, ಚಾನಲ್ ಹೆಸರುಗಳೂ ಪಟ್ಟಿಯಲ್ಲಿ ಕೂರುತ್ತವೆ. ಚಿತ್ರ ಮಾತ್ರ ಬರುವುದಿಲ್ಲ. ದುಡ್ಡು ಕಟ್ಟುವ ಸೇವೆಯ ಚಾನಲ್‌ಗಳಿಗೆ ಬೀಗ ಹಾಕಿರುತ್ತಾರೆ, ಬೀಗದ ಕೈ ಆ ಕಂಪನಿಯದೇ ಬಾಕ್ಸ್‌ನಲ್ಲಿ ಇರುತ್ತದೆ. ಡಿಶ್ ಬರೀ ಬಟ್ಟಲು. ‘ಏನೋ ಸಾಫ್ಟ್‌ವೇರ್ ಹಾಕಿದರೆ ತೆರೆಯುತ್ತಂತೆ’ ಅನ್ನುವವರ ಮಾತು ಕೇಳಬೇಡಿ, ಅದು ಕಳ್ಳ ದಾರಿ.

ಹಾಗಂತ ಆ ಬಟ್ಟಲನ್ನು ಗುಜರಿಗೆ ಹಾಕಬೇಕಾಗಿಲ್ಲ. ಅದನ್ನು ಫ್ರೀ ಡಿಶ್ ಕಡೆಗೆ ತಿರುಗಿಸಿ ಒಳಮನೆಯ ಇನ್ನೊಂದು ಟಿವಿಗೆ ಕೊಡಬಹುದು. ಅದಕ್ಕೆ ಮೊದಲು ಎಲ್‌ಎನ್‌ಬಿ ಮೇಲಿನ ಸ್ಟಿಕ್ಕರ್ ಓದಿ. 9750/10600 ಅಂತ ಎರಡು ಸಂಖ್ಯೆ ಇರಬೇಕು. ಲೆಕ್ಕ ಸುಲಭ. ಇಂಥ ಸಣ್ಣ ಡಿಶ್‌ಗಳಲ್ಲಿ ಉಪಗ್ರಹದಿಂದ ಬಂದ ಫ್ರೀಕ್ವೆನ್ಸಿ ಸಂಖ್ಯೆಯಲ್ಲಿ ಎಲ್‌ಎನ್‌ಬಿಯ ಸಂಖ್ಯೆ ಕಳೆಯಬೇಕು, ಉಳಿದದ್ದು ವೈರ್‌ನಲ್ಲಿ ಇಳಿಯುತ್ತದೆ. ಫ್ರೀ ಡಿಶ್‌ನ 11090ನ್ನು ತಗೊಳ್ಳಿ. 9750 ಕಳೆದರೆ 1340, ರಿಸೀವರ್‌ಗೆ ಹಿಡಿಯುತ್ತದೆ. ಬರೀ 10600 ಇರುವ ಎಲ್‌ಎನ್‌ಬಿಯಲ್ಲಿ ಕಳೆದರೆ 490 ಉಳಿಯುತ್ತದೆ, 950ಕ್ಕಿಂತ ಕೆಳಗೆ. ಡಿಶ್ ಎಷ್ಟು ಸರಿಯಾಗಿ ತಿರುಗಿಸಿದರೂ ಚಾನಲ್ ಬರುವುದಿಲ್ಲ. ಇದು ಗೊತ್ತಿಲ್ಲದೆ ಬಿಸಿಲಲ್ಲಿ ಮಧ್ಯಾಹ್ನವೆಲ್ಲ ಡಿಶ್ ಅಲ್ಲಾಡಿಸಿದವರನ್ನು ನಾನು ನೋಡಿದ್ದೇನೆ.

ಫ್ರೀ ಡಿಶ್ ಬರುವುದು ಜಿಸ್ಯಾಟ್-15ರಿಂದ, 93.5 ಡಿಗ್ರಿ ಪೂರ್ವದಲ್ಲಿ. 2015ರ ನವೆಂಬರ್‌ನಲ್ಲಿ ಫ್ರೆಂಚ್ ಗಯಾನಾದ ಕೌರೂನಿಂದ ಹಾರಿಸಿದ್ದು. ಅದನ್ನು ನೋಡಿಕೊಳ್ಳುವುದು ನಮ್ಮ ಹಾಸನದ ಇಸ್ರೋ ಕೇಂದ್ರ. ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿರುವ ಡಬ್ಬಕ್ಕೆ ಹಾಸನದಿಂದ ಕಡಿವಾಣ ಹಾಕುತ್ತಾರೆ, ನಮಗೆ ಮಿದ್ದೆ ಮೇಲಿನ ಡಿಶ್ ನಿಲ್ಲಿಸುವುದೇ ಕಷ್ಟ!

ಶ್ರೀನಿವಾಸಪುರದಿಂದ ನೋಡಿದರೆ ಈ ಉಪಗ್ರಹ ಉತ್ತರದಿಂದ ಲೆಕ್ಕ ಹಾಕಿ 130 ಡಿಗ್ರಿಯಲ್ಲಿ, ಅಂದರೆ ಆಗ್ನೇಯದಲ್ಲಿ, ನೆಲಮಟ್ಟದಿಂದ 66 ಡಿಗ್ರಿ ಎತ್ತರಕ್ಕಿದೆ. ನಿಮ್ಮ ದೊಡ್ಡ ಡಿಶ್‌ನ ಇಂಟೆಲ್‌ಸ್ಯಾಟ್-17, 66 ಡಿಗ್ರಿ ಪೂರ್ವದ್ದು, 223 ಡಿಗ್ರಿಯಲ್ಲಿ, ನೈಋತ್ಯಕ್ಕೆ, 69 ಡಿಗ್ರಿ ಎತ್ತರಕ್ಕಿದೆ. ಎರಡೂ ಹೆಚ್ಚುಕಡಿಮೆ ಒಂದೇ ಎತ್ತರ. ಆದರೆ ಮಿದ್ದೆ ಮೇಲೆ ನಿಂತು ನೋಡಿದರೆ ದೊಡ್ಡದು ಆಕಾಶಕ್ಕೆ ಬಾಯಿ ತೆರೆದಿರುತ್ತದೆ, ಸಣ್ಣದು ಪಕ್ಕದ ಮನೆ ಕಡೆ ಇಣುಕಿದ ಹಾಗೆ ಕಾಣುತ್ತದೆ. ಸಣ್ಣ ಡಿಶ್‌ಗಳು ಆಫ್‌ಸೆಟ್ ಡಿಶ್‌ಗಳು. ಅವು ನೋಡುವುದು ಮುಖ ಇರುವ ದಿಕ್ಕಿಗಿಂತ ಸುಮಾರು 25 ಡಿಗ್ರಿ ಮೇಲಕ್ಕೆ.

ಇದನ್ನು ಯಾಕೆ ಹೇಳಿದೆ ಅಂದರೆ, ನಿಮ್ಮದು ಮಾವಿನ ಊರು. ಡಿಶ್ ಎದುರಿಗೆ ಮರ ಕಂಡ ಕೂಡಲೇ ಕೊಂಬೆ ಕಡಿಸಲು ಹೊರಡುತ್ತಾರೆ. ಕಡಿಸಬೇಡಿ. 66 ಡಿಗ್ರಿ ಎತ್ತರಕ್ಕೆ ಅಡ್ಡ ಬರಬೇಕಾದರೆ ಡಿಶ್‌ನಿಂದ ಹತ್ತು ಅಡಿ ದೂರದ ಮರ ಡಿಶ್‌ಗಿಂತ ಇಪ್ಪತ್ತೆರಡು ಅಡಿ ಮೇಲೆ ಬೆಳೆದಿರಬೇಕು. ಬಹುತೇಕ ಮನೆಗಳಲ್ಲಿ ಮರದ್ದು ತಪ್ಪೇ ಇರುವುದಿಲ್ಲ.

ದೊಡ್ಡ ಡಿಶ್‌ಗೆ ಬೇರೆ ಎರಡು ಪರೀಕ್ಷೆ ಇವೆ. ಒಂದು, ನಿಮ್ಮ ರಿಸೀವರ್ ಡಿವಿಬಿ-ಎಸ್2 (ಸಿಗ್ನಲ್ ಕಳಿಸುವ ಹೊಸ ಪದ್ಧತಿ) ಮತ್ತು ಎಂಪೆಗ್-4 (ಚಿತ್ರ ಕುಗ್ಗಿಸುವ ಹೊಸ ಪದ್ಧತಿ) ಎರಡನ್ನೂ ಹಿಡಿಯಬೇಕು. ದೊಡ್ಡ ಡಿಶ್ ಹಿಡಿಯುವ ಸಿ ಬ್ಯಾಂಡ್ ಚಾನಲ್‌ಗಳು ಬಹುಪಾಲು ಅದಕ್ಕೇ ಹೋಗಿವೆ. ಅಮ್ಮನ ಚಾನಲ್‌ಗಳು ಈಗಲೂ ಇದೇ ಬಾಕ್ಸ್‌ನಲ್ಲಿ ಬರುತ್ತಿದ್ದರೆ ಈ ಚಿಂತೆ ಇಲ್ಲ. ಎರಡು, ಹತ್ತಿರದಲ್ಲಿ 5ಜಿ ಟವರ್ ಬಂದಿದೆಯಾ ನೋಡಿ. ನಮ್ಮಲ್ಲಿ 2022ರ ಅಕ್ಟೋಬರ್‌ನಲ್ಲಿ ಶುರುವಾದ 5ಜಿಯ ಒಂದು ಮುಖ್ಯ ಬ್ಯಾಂಡು 3300ರಿಂದ 3670 ಮೆಗಾಹರ್ಟ್ಸ್‌ವರೆಗೆ. ಸಿ ಬ್ಯಾಂಡ್ ಚಾನಲ್‌ಗಳು 3700ರಿಂದ ಮೇಲೆ. ಪಕ್ಕಪಕ್ಕದ ಗೋಡೆ. ಹಳೇ ಎಲ್‌ಎನ್‌ಬಿಗಳು 3400ರಿಂದಲೇ ಕಿವಿ ತೆರೆದು ಕೂತಿರುತ್ತವೆ, ಟವರ್‌ನ ಗದ್ದಲಕ್ಕೆ ಕಿವುಡಾಗುತ್ತವೆ. ‘ಮೊದಲು ಬರುತ್ತಿತ್ತು, ಈಗ ಚೌಕ ಚೌಕ ಒಡೆಯುತ್ತದೆ’ ಅಂತ ಅಮ್ಮ ಹೇಳಿದರೆ ಡಿಶ್ ಮುಟ್ಟಬೇಡಿ. 5ಜಿ ಫಿಲ್ಟರ್ ಇರುವ, 3.7-4.2 ಅಂತ ಬರೆದಿರುವ ಎಲ್‌ಎನ್‌ಬಿ ಹಾಕಿಸಿ.

ಈಗ ಜೋಡಣೆ. ಸ್ವಿಚ್ಚನ್ನು ಟಿವಿ ಹಿಂದೆ ಇಡಬೇಡಿ, ಮೇಲೆ ಡಿಶ್‌ಗಳ ಹತ್ತಿರ ಇಡಿ. ಆಗ ಕೆಳಗೆ ಒಂದೇ ವೈರ್ ಇಳಿಯುತ್ತದೆ. ಮಳೆ ಬೀಳದ ಸಜ್ಜೆ ಕೆಳಗೆ, ಪಿನ್‌ಗಳು ನೆಲ ನೋಡುವ ಹಾಗೆ ಕಟ್ಟಿ. ಪ್ರತಿ ವೈರೂ ಸ್ವಿಚ್‌ಗೆ ಹೋಗುವ ಮುಂಚೆ ಒಂದು ಗೇಣು ಕೆಳಗೆ ಜೋತು ಮತ್ತೆ ಮೇಲೇರಲಿ. ನೀರು ಆ ಜೋತಿನಿಂದ ತೊಟ್ಟಿಕ್ಕಿ ಹೋಗುತ್ತದೆ. ಕೆಲವರು ಜಾಣತನದಿಂದ ಸ್ವಿಚ್ಚನ್ನು ಐಸ್‌ಕ್ರೀಂ ಡಬ್ಬದೊಳಗೆ ಇಟ್ಟು ಮುಚ್ಚಳ ಹಾಕುತ್ತಾರೆ. ಮುಳಬಾಗಿಲಿನ ಒಂದು ಮನೆಯಲ್ಲಿ ಅಂಥ ಡಬ್ಬ ಬಿಚ್ಚಿದರೆ ಒಳಗೆ ಎರಡು ಬೆರಳು ನೀರು, ಅದರಲ್ಲಿ ಸ್ವಿಚ್ ಸ್ನಾನ ಮಾಡುತ್ತಿತ್ತು. ವೈರ್ ಹಿಡಿದುಕೊಂಡೇ ನೀರು ಒಳಗೆ ಇಳಿದಿತ್ತು. ಡಬ್ಬ ಇಟ್ಟರೆ ತಳದಲ್ಲಿ ತೂತು ಇರಲಿ.

ವೈರ್ ಆರ್‌ಜಿ-6 ಆಗಲಿ. ಅದರಲ್ಲೂ ನಡುವಿನ ತಂತಿಗೆ ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಅದು ಕಬ್ಬಿಣ, ಮೇಲೆ ತಾಮ್ರದ ಪೂಸು. ಹತ್ತಿಪ್ಪತ್ತು ಅಡಿಗೆ ತೊಂದರೆ ಇಲ್ಲ. ಮಿದ್ದೆಯಿಂದ ಹಿಂದಿನ ಕೋಣೆವರೆಗೆ ಉದ್ದ ಎಳೆದರೆ 18 ವೋಲ್ಟ್ ಹೋಗುವಷ್ಟರಲ್ಲಿ ಸುಸ್ತಾಗಿ ಇಳಿದಿರುತ್ತದೆ. ಎಲ್‌ಎನ್‌ಬಿ ಅದನ್ನು 13 ಅಂತಲೇ ತಿಳಿಯುತ್ತದೆ. ವರ್ಟಿಕಲ್ ಚಾನಲ್ ಎಲ್ಲಾ ಬಂದು ಹಾರಿಜಾಂಟಲ್ ಒಂದೂ ಬರದಿದ್ದರೆ ಮೊದಲ ಅನುಮಾನ ವೈರ್ ಮೇಲೆ ಇರಲಿ.

ನನ್ನ ಅನುಭವದಲ್ಲಿ ಹತ್ತು ದೂರುಗಳಲ್ಲಿ ಏಳೆಂಟು ಪಿನ್‌ನಲ್ಲೇ ಮುಗಿಯುತ್ತವೆ. ಎಫ್ ಕನೆಕ್ಟರ್ ಅನ್ನುವ ಈ ಪಿನ್ ಹಾಕುವಾಗ ಹೊರಗಿನ ಜಾಲರಿಯ ಎಳೆಗಳನ್ನು ಹಿಂದಕ್ಕೆ ಮಡಚಿ. ಒಂದೇ ಒಂದು ಎಳೆ, ನಮ್ಮ ಕಣ್ಣಿಗೆ ಕಾಣದಷ್ಟು ಸಣ್ಣದು, ನಡುತಂತಿಗೆ ತಾಗಿದರೆ ಮತ್ತೆ ಅದೇ ‘ಶಾರ್ಟ್’. ಬೆಳಕಿಗೆ ಹಿಡಿದು ಸುತ್ತ ತಿರುಗಿಸಿ ನೋಡಿ, ಬಿಳಿ ಪ್ಲಾಸ್ಟಿಕ್ ಉಂಗುರದ ಮೇಲೆ ಏನೂ ಬಿದ್ದಿರಬಾರದು. ನಡುತಂತಿ ಕನೆಕ್ಟರ್‌ನ ಅಂಚಿನಿಂದ ಎರಡು ಮೂರು ಮಿಲಿಮೀಟರ್ ಮಾತ್ರ ಹೊರಗೆ ಬರಲಿ. ಕಡಿಮೆ ಇದ್ದರೆ ಒಳಗೆ ತಾಗುವುದಿಲ್ಲ. ಜಾಸ್ತಿ ಇದ್ದರೆ ಸ್ವಿಚ್‌ನ ಒಳಗಿನ ಹಿಡಿಕೆಯನ್ನು ಮುರಿಯುತ್ತದೆ.

ಇದನ್ನೆಲ್ಲ ಮಾಡುವಾಗ ರಿಸೀವರ್ ಗೋಡೆಯಲ್ಲೇ ಆಫ್ ಇರಬೇಕು. ರಿಮೋಟ್‌ನಿಂದ ಆಫ್ ಮಾಡಿದರೆ ಸಾಲದು, ಕೆಲವು ಬಾಕ್ಸ್‌ಗಳಲ್ಲಿ ವೈರ್‌ನಲ್ಲಿ ಕರೆಂಟ್ ಓಡುತ್ತಲೇ ಇರುತ್ತದೆ. ಶುರುವಿನ ದಿನಗಳಲ್ಲಿ ನಾನು ಅವಸರಕ್ಕೆ ಬಿದ್ದು ಆನ್ ಇದ್ದ ಬಾಕ್ಸ್‌ಗೇ ಪಿನ್ ತಿರುಗಿಸಿ ಒಬ್ಬರ ಹಳೇ ರಿಸೀವರ್ ಕೊಂದಿದ್ದೇನೆ. ತಪ್ಪು ಪೂರ್ತಿ ನನ್ನದೇ. ಮನೆಯವರು ಏನೂ ಅನ್ನದೆ ಕಾಫಿ ಕೊಟ್ಟರು. ಆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ಬೇರೆ ಬಾಕ್ಸ್ ತಂದುಕೊಟ್ಟೆ.

ಇನ್ನೊಂದು ಮಾತು. ಸ್ವಿಚ್ ಹಾಕುವ ಮುಂಚೆ ಪ್ರತಿ ಡಿಶ್ಶನ್ನೂ ಒಂದೊಂದಾಗಿ ರಿಸೀವರ್‌ಗೆ ನೇರ ಕೊಟ್ಟು ಕ್ವಾಲಿಟಿ ಎಷ್ಟು ಬರುತ್ತದೆ ಅಂತ ಚೀಟಿಯಲ್ಲಿ ಬರೆದುಕೊಳ್ಳಿ. ಸ್ಟ್ರೆಂತ್ ಕಡ್ಡಿ ನೋಡಿ ಮೋಸ ಹೋಗಬೇಡಿ. ಎಲ್‌ಎನ್‌ಬಿಗೆ ಕರೆಂಟ್ ಹೋದರೂ ಸಾಕು, ಡಿಶ್ ಎತ್ತ ನೋಡುತ್ತಿದ್ದರೂ ಸ್ಟ್ರೆಂತ್ ತೋರಿಸುತ್ತದೆ. ಕ್ವಾಲಿಟಿ ಮಾತ್ರ ಸುಳ್ಳು ಹೇಳುವುದಿಲ್ಲ. ಸ್ವಿಚ್ ಮೂಲಕ ಕೊಟ್ಟಾಗ ಒಂದಿಷ್ಟು ಇಳಿಯುವುದು ಸಹಜ. ತೀರಾ ಬಿದ್ದುಹೋದರೆ ಸ್ವಿಚ್ಚೋ ಪಿನ್ನೋ ಕೆಟ್ಟಿದೆ ಅಂತ ಚೀಟಿಯೇ ಹೇಳುತ್ತದೆ. ಕ್ವಾಲಿಟಿ ಮೊದಲೇ ಕಡಿಮೆ ಇದ್ದರೆ ಎಲ್‌ಎನ್‌ಬಿಯ ಕ್ಲಾಂಪ್ ಸಡಿಲಿಸಿ, ಅದನ್ನು ಇದ್ದ ಜಾಗದಲ್ಲೇ ಗಡಿಯಾರದ ಮುಳ್ಳಿನ ಹಾಗೆ ಸ್ವಲ್ಪ ಸ್ವಲ್ಪ ತಿರುಗಿಸಿ ನೋಡಿ. ಉಪಗ್ರಹ ನೆತ್ತಿಯ ನೇರ ದಕ್ಷಿಣಕ್ಕಿಲ್ಲದೆ ಪಕ್ಕಕ್ಕೆ ಇರುವುದರಿಂದ ನಮ್ಮ ಕಡೆ ಈ ಓರೆ ಜಾಸ್ತಿನೇ ಬೇಕಾಗುತ್ತದೆ.

ಮೆನುವಿನಲ್ಲಿ ಕೆಲಸ ಎರಡು ನಿಮಿಷದ್ದು. ಫ್ರೀ ಡಿಶ್ ವೈರ್ ಸ್ವಿಚ್‌ನ 1ಕ್ಕೆ, ದೊಡ್ಡ ಡಿಶ್ 2ಕ್ಕೆ. ರಿಸೀವರ್‌ನ ಆಂಟೆನಾ ಸೆಟ್ಟಿಂಗ್‌ನಲ್ಲಿ 93.5ರ ಉಪಗ್ರಹ ಆರಿಸಿ, ಎಲ್‌ಎನ್‌ಬಿ 9750/10600, ಡೈಸೆಕ್ 1 ಅಂತ ಕೊಡಿ. ಆಮೇಲೆ 66ರದ್ದು ಆರಿಸಿ, ಎಲ್‌ಎನ್‌ಬಿ 5150, ಡೈಸೆಕ್ 2. ಕೆಲವು ಬಾಕ್ಸ್‌ಗಳಲ್ಲಿ 1, 2 ಬದಲು ಎ, ಬಿ ಅಂತಲೋ 1/4, 2/4 ಅಂತಲೋ ಇರುತ್ತದೆ, ಎಲ್ಲಾ ಒಂದೇ. ಎಲ್‌ಎನ್‌ಬಿ ಪವರ್ ಆನ್ ಇರಲಿ. ಎರಡನ್ನೂ ಬೇರೆ ಬೇರೆಯಾಗಿ ಸ್ಕ್ಯಾನ್ ಮಾಡಿ. ಮೆನುವಿನಲ್ಲಿ ಡೈಸೆಕ್ ಅನ್ನುವ ಸಾಲೇ ಇಲ್ಲದಿದ್ದರೆ ಆ ಬಾಕ್ಸ್‌ನಿಂದ ಈ ಕೆಲಸ ಆಗುವುದಿಲ್ಲ. ದುಡ್ಡು ಕಟ್ಟುವ ಕಂಪನಿಗಳ ಬಾಕ್ಸ್‌ಗಳು ಸಾಮಾನ್ಯವಾಗಿ ತಮ್ಮ ಉಪಗ್ರಹಕ್ಕೇ ಕಟ್ಟುಬಿದ್ದಿರುತ್ತವೆ. ಮಾರುಕಟ್ಟೆಯ ಫ್ರೀ ಬಾಕ್ಸ್‌ಗಳಲ್ಲಿ ಬಹುತೇಕ ಇರುತ್ತದೆ.

ಸ್ವಿಚ್‌ನ 3 ಮತ್ತು 4 ಖಾಲಿ ಉಳಿಯುತ್ತವೆ. ಅವಕ್ಕೆ ಬಂದಿರುವ ರಬ್ಬರ್ ಟೋಪಿ ಬಿಸಾಡಬೇಡಿ, ಹಾಕಿಡಿ. ಇರುವೆ, ಕಣಜ ಮನೆ ಕಟ್ಟುತ್ತವೆ. ನಮ್ಮ ಕೋಲಾರದಲ್ಲಿ ಅಂತರಗಂಗೆ ಕಡೆಯವರಿಗೆ ಇದರ ಮೇಲೆ ಕೋತಿ ಕಾಟ ಬೇರೆ. ಡಿಶ್ ಮೇಲೆ ಕೂತು ಉಯ್ಯಾಲೆ ಆಡಿ ಹೋಗುತ್ತವೆ, ಆಮೇಲೆ ಕ್ವಾಲಿಟಿ ಸೊನ್ನೆ. ನಿಮ್ಮಲ್ಲೂ ಕೋತಿ ಇದ್ದರೆ ಡಿಶ್ ಸರಿಯಾಗಿ ನಿಂತ ಮೇಲೆ ಕಂಬ ಮತ್ತು ಕ್ಲಾಂಪ್ ಎರಡರ ಮೇಲೂ ಪೇಂಟ್‌ನಲ್ಲಿ ಒಂದು ಗೆರೆ ಎಳೆದಿಡಿ. ಮುಂದಿನ ಸಲ ಗೆರೆಗೆ ಗೆರೆ ಕೂಡಿಸಿದರೆ ಅರ್ಧ ಕೆಲಸ ಆಯಿತು. ಡಿಶ್ ಕಂಬಕ್ಕೆ ಒಂದು ಅರ್ತಿಂಗ್ ವೈರ್ ಕೂಡ ಇರಲಿ, ಎಂಟು ಅಡಿ ಕಬ್ಬಿಣ ಮಿದ್ದೆ ಮೇಲೆ ನಿಂತಿದೆ, ಸಿಡಿಲು ಶುರುವಾಗುವ ಮುಂಚೆಯೇ ವೈರ್ ಕಿತ್ತಿಡುವ ಅಭ್ಯಾಸವೂ ಒಳ್ಳೆಯದು.

ಕೊನೆಗೆ ಅಮ್ಮನ ಕೆಲಸ. ಅವರು ನೋಡುವ ಚಾನಲ್‌ಗಳನ್ನೆಲ್ಲ ಫೇವರಿಟ್ ಪಟ್ಟಿಗೆ ಹಾಕಿ, ತೆಲುಗು ಕನ್ನಡ ಎರಡನ್ನೂ ಒಂದೇ ಸಾಲಿನಲ್ಲಿ. ಯಾವುದು ಯಾವ ಡಿಶ್‌ನಿಂದ ಅಂತ ಅವರಿಗೆ ಗೊತ್ತಾಗುವ ಅಗತ್ಯವೇ ಇಲ್ಲ. ಒಂದು ಡಿಶ್‌ನ ಚಾನಲ್‌ನಿಂದ ಇನ್ನೊಂದರದಕ್ಕೆ ಹೋಗುವಾಗ ಮಾತ್ರ ಒಂದೆರಡು ಸೆಕೆಂಡ್ ಪರದೆ ಕಪ್ಪಾಗುತ್ತದೆ. ಅದನ್ನು ಮೊದಲೇ ಹೇಳಿಡಿ. ಇಲ್ಲದಿದ್ದರೆ ಬರಲಿಲ್ಲ ಅಂತ ಮತ್ತೆ ಮತ್ತೆ ಒತ್ತುತ್ತಾರೆ, ಪಾಪ ಆ ಸ್ವಿಚ್ ಅತ್ತ ಇತ್ತ ಓಡುತ್ತಲೇ ಇರಬೇಕಾಗುತ್ತದೆ.